ಎಕೋ ಸುಧಾರಿಸಿದೆ, ಅಪ್ಪ ಮಾತ್ರ ಸುಧಾರಿಸಿಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ

ಹಾರ್ಟ್ ಫೇಲ್ಯೂರ್ ಎಂದರೆ ಮೈಗೆ ಬೇಕಾದಷ್ಟು ರಕ್ತ ಪೂರೈಸಲು ಹೃದಯಕ್ಕೆ ಕಷ್ಟವಾಗುವ ಕಾಯಿಲೆ. ಅದರ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮಾತ್ರೆಯ ಪ್ರಶ್ನೆಗಿಂತ ಬದುಕಿನ ಪ್ರಶ್ನೆಗಳೇ ಜಾಸ್ತಿ. ಹೃದಯದ ವಾರ್ಡು, ಆಮೇಲೆ ಹಾರ್ಟ್ ಫೇಲ್ಯೂರ್ ಕ್ಲಿನಿಕ್ಕು ಎಂದು ನನ್ನ ಇಡೀ ವೃತ್ತಿ ಹೃದ್ರೋಗಿಗಳ ಜೊತೆಯೇ ಕಳೆದಿದೆ. ನಾನು ಡಾಕ್ಟರ್ ಅಲ್ಲ, ನರ್ಸ್ ಆಗಿದ್ದವಳು. ಮಾತ್ರೆ ಬದಲಿಸುವುದು ಡಾಕ್ಟರ ಕೆಲಸ. ರೋಗಿ ಹೇಗಿದ್ದಾರೆ ಎಂದು ಕೇಳುವುದು, ಕೇಳಿದ್ದನ್ನು ಸರಿಯಾಗಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಆ ಅನುಭವದಿಂದಲೇ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸಿಸ್ಟರ್, ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟ ಇದೆ. ಅಪ್ಪನಿಗೆ 64 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಆಗ ಎಕೋದಲ್ಲಿ ಪಂಪಿಂಗ್ 28 ಇತ್ತು, ಈಗ 42 ಆಗಿದೆ. ಡಾಕ್ಟರು ಖುಷಿಯಾಗಿದ್ದಾರೆ. ಆದರೆ ಅಪ್ಪ ಜಗುಲಿ ಬಿಟ್ಟು ಏಳುವುದಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು ಈಗ ಕೇಳಲಿಕ್ಕೂ ಹೋಗುವುದಿಲ್ಲ. ಮದುವೆ, ಉಪನಯನ ಎಲ್ಲಕ್ಕೂ ಅಮ್ಮನೊಬ್ಬಳನ್ನೇ ಕಳಿಸುತ್ತಾರೆ. ಹೋದ ತಿಂಗಳು ಬೆಂಗಳೂರಿನಲ್ಲಿ ತೋರಿಸಿದಾಗ 23 ಪ್ರಶ್ನೆಗಳ ಹಾಳೆಯೊಂದನ್ನು ತುಂಬಿಸಿಕೊಂಡು ‘41’ ಎಂದು ಬರೆದುಕೊಟ್ಟರು. ಕೆಳಗೆ ಇನ್ನೂ ನಾಲ್ಕು ಅಂಕಿ ಇವೆ: ದೈಹಿಕ ಮಿತಿ 63, ರೋಗದ ತೊಂದರೆ 58, ಸಾಮಾಜಿಕ ಮಿತಿ 19, ಜೀವನದ ಗುಣಮಟ್ಟ 25. ಪಂಪಿಂಗ್ 42, ಇದು 41. ಎರಡೂ ಒಂದೇನಾ? ಯಾವುದನ್ನು ನಂಬಬೇಕು?
— ಓದುಗಿ, ಸಾಗರ ತಾಲ್ಲೂಕು

ಉತ್ತರ: ತಂಗಿ, ಎರಡನ್ನೂ ನಂಬಿ. ಎರಡೂ ನಿಜ, ಆದರೆ ಬೇರೆ ಬೇರೆ ವಿಷಯ ಹೇಳುತ್ತವೆ. ಅಂಕಿ ಹತ್ತಿರ ಹತ್ತಿರ ಬಂದಿರುವುದು ಕಾಕತಾಳೀಯ ಅಷ್ಟೇ.

ಎಕೋ ಎಂದರೆ ಹೃದಯದ ಸ್ಕ್ಯಾನ್. ಅದರಲ್ಲಿ ಪಂಪಿಂಗ್ 42 ಎಂದರೆ, ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ನೂರರಲ್ಲಿ 42 ಪಾಲು ಹೊರಗೆ ಹೋಗುತ್ತಿದೆ ಎಂದು. ಇದಕ್ಕೆ ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. 50ರಿಂದ 70ರ ಒಳಗಿದ್ದರೆ ಸರಿ ಇದೆ ಎಂದು ಲೆಕ್ಕ. 28ರಿಂದ 42ಕ್ಕೆ ಏರಿದ್ದು ದೊಡ್ಡ ಸುಧಾರಣೆ. ಡಾಕ್ಟರು ಖುಷಿಪಟ್ಟಿದ್ದರಲ್ಲಿ ತಪ್ಪಿಲ್ಲ.

ಅಪ್ಪ ತುಂಬಿದ ಹಾಳೆಯ ಹೆಸರು ಕ್ಯಾನ್ಸಸ್ ಸಿಟಿ ಕಾರ್ಡಿಯೋಮಯೋಪತಿ ಪ್ರಶ್ನಾವಳಿ. ಆಸ್ಪತ್ರೆಯವರು ಚಿಕ್ಕದಾಗಿ ಕೆಸಿಸಿಕ್ಯೂ ಅನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞ ಜಾನ್ ಸ್ಪರ್ಟಸ್ ಮತ್ತು ಅವರ ತಂಡ ಇದನ್ನು ಸಿದ್ಧಪಡಿಸಿ 2000ದಲ್ಲಿ ಪ್ರಕಟಿಸಿತು. ಕಳೆದ ಎರಡು ವಾರ ಹೇಗಿತ್ತು ಎಂದಷ್ಟೇ ಇದು ಕೇಳುತ್ತದೆ. ಬಟ್ಟೆ ಹಾಕಿಕೊಳ್ಳಲು ಕಷ್ಟವಾಯಿತೇ? ಸ್ನಾನಕ್ಕೆ? ಸಮತಟ್ಟಾದ ದಾರಿಯಲ್ಲಿ ನಡೆಯಲು? ಬೆಳಿಗ್ಗೆ ಎದ್ದಾಗ ಕಾಲು ಊದಿತ್ತೇ? ಏದುಸಿರು ಬಂತು ಎಂದು ಕೂತೇ ನಿದ್ದೆ ಮಾಡಬೇಕಾಯಿತೇ, ಇಲ್ಲಾ ಮೂರು ದಿಂಬು ಬೇಕಾಯಿತೇ? ಇಷ್ಟದ ಹವ್ಯಾಸ, ಮನೆಕೆಲಸ, ನೆಂಟರ ಮನೆ, ಇವುಗಳಲ್ಲಿ ಏನು ತಪ್ಪಿಹೋಯಿತು? ಕೊನೆಯ ಹೊತ್ತಿಗೆ ಬರುವ ಒಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ: ಮುಂದಿನ ಬದುಕೆಲ್ಲಾ ಈಗಿರುವ ಹಾಗೆಯೇ ಇರುತ್ತದೆ ಎಂದಾದರೆ ನಿಮಗೆ ಹೇಗನ್ನಿಸುತ್ತದೆ? ಈ ಪ್ರಶ್ನೆ ಬಂದಾಗ ಎಷ್ಟೋ ಜನ ಪೆನ್ನು ಕೆಳಗಿಟ್ಟು ಮಾತಾಡಲು ಶುರುಮಾಡುತ್ತಿದ್ದರು.

ಉತ್ತರಗಳನ್ನು ಸೊನ್ನೆಯಿಂದ ನೂರರ ಅಳತೆಗೆ ತರುತ್ತಾರೆ. ನೂರು ಎಂದರೆ ಹೃದಯದ ಕಾರಣಕ್ಕೆ ಯಾವ ತೊಂದರೆಯೂ ಇಲ್ಲ. 75ರ ಮೇಲಿದ್ದರೆ ಚೆನ್ನಾಗಿದ್ದಾರೆ. 50ರಿಂದ 74 ಪರವಾಗಿಲ್ಲ. 25ರಿಂದ 49 ಎಂದರೆ ಬದುಕು ಕಷ್ಟದಲ್ಲಿದೆ. 25ಕ್ಕಿಂತ ಕೆಳಗೆ ತುಂಬಾ ಕಷ್ಟ. ನಿಮ್ಮ ತಂದೆಯ 41 ಕಷ್ಟದ ಸಾಲಿನಲ್ಲಿದೆ. ಜಗುಲಿಯಲ್ಲಿ ನೀವು ಕಣ್ಣಾರೆ ಕಂಡದ್ದನ್ನೇ ಹಾಳೆಯೂ ಹೇಳಿದೆ.

ಈ ಮೊತ್ತದ ಅಂಕಿಗಿಂತ ಕೆಳಗಿನ ನಾಲ್ಕು ಅಂಕಿಗಳನ್ನು ನೋಡಿ. ಆ ನಾಲ್ಕರ ಸರಾಸರಿಯೇ 41. ನಡಿಗೆ, ಸ್ನಾನ, ಮೆಟ್ಟಿಲಿನ ಲೆಕ್ಕದಲ್ಲಿ ಅವರಿಗೆ 63 ಬಂದಿದೆ. ಏದುಸಿರು, ಊತ, ಸುಸ್ತಿನ ಲೆಕ್ಕದಲ್ಲಿ 58. ಅಂದರೆ ಮೈ ಒಂದು ಮಟ್ಟಿಗೆ ಸಹಕರಿಸುತ್ತಿದೆ. ಬಿದ್ದುಹೋಗಿರುವುದು ಜನರ ಜೊತೆ ಬೆರೆಯುವ ಅಂಕಿ, ಬರೀ 19. ನಡೆಯಬಲ್ಲ ಮನುಷ್ಯ ಮನೆ ಬಿಟ್ಟು ಹೊರಡುತ್ತಿಲ್ಲ. ಯಾಕೆ ಎಂದು ಈಗ ಹುಡುಕಬೇಕು. ಎಕೋ ಎಷ್ಟು ಸಲ ಮಾಡಿಸಿದರೂ ಇದು ಅದರಲ್ಲಿ ಕಾಣುವುದಿಲ್ಲ.

ನಾನಾಗಿದ್ದರೆ ಮೊದಲು ನೀರಿನ ಮಾತ್ರೆಯ ಬಗ್ಗೆ ಕೇಳುತ್ತಿದ್ದೆ. ಫ್ಯೂರೋಸೆಮೈಡ್ ಎಂಬ ಆ ಮಾತ್ರೆ ತಗೊಂಡರೆ ಸುಮಾರು ಆರು ಗಂಟೆ ಅದರ ಪ್ರಭಾವ ಇರುತ್ತದೆ. ಮೊದಲ ಒಂದೆರಡು ಗಂಟೆಯಂತೂ ಮೂತ್ರಕ್ಕೆ ಓಡಾಡುವುದೇ ಕೆಲಸ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ತಾಳಮದ್ದಳೆಯ ಮಧ್ಯದಲ್ಲಿ ಏಳುವುದು ಹೇಗೆ ಎಂಬ ಸಂಕೋಚಕ್ಕೇ ಎಷ್ಟು ಜನ ಮನೆ ಸೇರಿದ್ದಾರೆ ಗೊತ್ತಾ? ಇದನ್ನು ಅವರು ಮಗಳ ಹತ್ತಿರ ಹೇಳಲಾರರು. ದಿನದ ಎರಡನೇ ನೀರಿನ ಮಾತ್ರೆಯನ್ನು ಸಂಜೆ ತಗೊಳ್ಳುತ್ತಿದ್ದರೆ, ಕಾರ್ಯಕ್ರಮ ಇರುವ ದಿನ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಬಹಳ ಸಲ ಅದಕ್ಕೆ ಅವಕಾಶ ಇರುತ್ತದೆ. ಬಿಟ್ಟುಬಿಡುವುದು ಮಾತ್ರ ಬೇಡ.

ಎರಡನೆಯದು ಭಯ. ಹಾರ್ಟ್ ಅಟ್ಯಾಕ್ ಆದವರಿಗೆ ‘ದೂರದ ಊರಲ್ಲಿ ಮತ್ತೆ ಆದರೆ?’ ಎಂಬ ಹೆದರಿಕೆ ಸಹಜ. ಅರ್ಥ ಹೇಳುವಾಗ ಉಸಿರು ಸಿಗದೆ ಮಾತು ನಿಂತುಹೋದರೆ ಎಂಬ ಅಂಜಿಕೆಯೂ ಇರಬಹುದು. ಸುಮ್ನೆ ‘ಧೈರ್ಯ ತಗೊಳ್ಳಿ’ ಎಂದರೆ ಅದು ಹೋಗುವುದಿಲ್ಲ. ಯಾರಾದರೂ ಜೊತೆಗೆ ನಿಂತು ನಡೆಸಬೇಕು. ಹಾರ್ಟ್ ಫೇಲ್ಯೂರ್ ಇರುವ 2,331 ಜನರ ಮೇಲೆ ನಡೆದ ಹೆಚ್‌ಎಫ್-ಆಕ್ಷನ್ ಎಂಬ ಅಧ್ಯಯನದ ಫಲ 2009ರಲ್ಲಿ ಬಂತು. ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರ ಕೆಸಿಸಿಕ್ಯೂ ಅಂಕ ಮೂರೇ ತಿಂಗಳಲ್ಲಿ ಸ್ವಲ್ಪ ಏರಿತು, ಆಮೇಲೂ ಉಳಿಯಿತು. ಏರಿಕೆ ದೊಡ್ಡದಲ್ಲ. ಆದರೆ ವ್ಯಾಯಾಮದಿಂದ ಅಪಾಯ ಹೆಚ್ಚಲಿಲ್ಲ ಎಂಬುದೂ ಅಲ್ಲೇ ಕಂಡಿತು, ಹೆದರಿದವರಿಗೆ ಹೇಳಬೇಕಾದ ಮಾತು ಅದು. ಡಾಕ್ಟರ ಒಪ್ಪಿಗೆ ಪಡೆದು, ದಿನಾ ಬೆಳಿಗ್ಗೆ ನೀವೋ ಅಮ್ಮನೋ ಜೊತೆಗೆ ತೋಟದ ಬೇಲಿಯವರೆಗೆ ನಡೆಯಿರಿ.

ಮೂರನೆಯದು ಮನಸ್ಸು. ಹಾರ್ಟ್ ಫೇಲ್ಯೂರ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇರುತ್ತದೆ. ಗಂಡಸರಲ್ಲಿ ಅದು ಅಳುವಾಗಿ ಕಾಣುವುದು ಕಮ್ಮಿ. ಮಾತು ಬಿಡುವುದು, ಸಿಡುಕುವುದು, ‘ನನ್ನದೇನಿದೆ ಬಿಡು’ ಅನ್ನುವುದು, ಹೀಗೆ ಕಾಣುತ್ತದೆ. ಆ ಅನುಮಾನ ಇದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದನ್ನು ರಕ್ತ ಪರೀಕ್ಷೆಯಲ್ಲಿ ನೋಡಬೇಕು: ಕಬ್ಬಿಣದ ಅಂಶ. ಹಿಮೋಗ್ಲೋಬಿನ್ ಸರಿ ಇದ್ದರೂ ಕಬ್ಬಿಣದ ದಾಸ್ತಾನು ಕಮ್ಮಿ ಇರಬಹುದು. ಆಗ ಪಂಪಿಂಗ್ ಎಷ್ಟೇ ಇದ್ದರೂ ಸುಸ್ತು ಬಿಡುವುದಿಲ್ಲ. ಅಂಥವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರೆ ಲವಲವಿಕೆ ಬರುತ್ತದೆ, ಜಾಸ್ತಿ ದೂರ ನಡೆಯುತ್ತಾರೆ ಎಂದು 2009ರ ಫೇರ್-ಹೆಚ್‌ಎಫ್ ಅಧ್ಯಯನ ತೋರಿಸಿತು. ಮಾತ್ರೆ ರೂಪದ ಕಬ್ಬಿಣದಿಂದ ಈ ರೋಗಿಗಳಿಗೆ ಆ ಲಾಭ ಸಿಗಲಿಲ್ಲ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಹಾಳೆಯಿಂದ ಏನು ಉಪಯೋಗ ಎಂದರೆ ಇದೇ. ಮೂರು ತಿಂಗಳು ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿಸಿ. 5 ಅಂಕ ಏರಿದರೆ ಅದು ರೋಗಿಗೆ ಗೊತ್ತಾಗುವಷ್ಟು ಬದಲಾವಣೆ. 10 ಏರಿದರೆ ಒಳ್ಳೆಯ ಬದಲಾವಣೆ, 20 ಏರಿದರೆ ಮನೆಯವರೆಲ್ಲರಿಗೂ ಕಾಣುತ್ತದೆ. ಇಳಿದರೂ ಅಷ್ಟೇ ಗಂಭೀರವಾಗಿ ತಗೊಳ್ಳಬೇಕು. 40 ದೇಶಗಳ 23 ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಈ ಅಂಕ 10 ಕಮ್ಮಿ ಇದ್ದಷ್ಟಕ್ಕೂ ಸಾವಿನ ಅಪಾಯ ಶೇಕಡ 18ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಅಪ್ಪನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ನನಗೆ ಆಗ್ತಾ ಇಲ್ಲ’ ಎಂದು ರೋಗಿ ಹೇಳುವುದು ಬರೀ ಗೊಣಗಾಟ ಅಲ್ಲ, ಅದೂ ಒಂದು ಪರೀಕ್ಷೆಯ ಫಲಿತಾಂಶವೇ ಎಂದು ಮನೆಯವರಿಗೂ ಡಾಕ್ಟರಿಗೂ ಗೊತ್ತಿರಬೇಕು.

ಒಂದೇ ಒಂದು ಎಚ್ಚರಿಕೆ. ಮುಂದಿನ ಸಲ ಹಾಳೆ ತುಂಬುವಾಗ ನೀವು ಪಕ್ಕದಲ್ಲಿ ಕೂತು ‘ಇಲ್ಲಪ್ಪಾ, ಅದು ಹಾಗಲ್ಲ’ ಎಂದು ತಿದ್ದಬೇಡಿ. ಅವರ ಉತ್ತರ ನಿಮ್ಮ ಕಣ್ಣಿಗೆ ಎಷ್ಟೇ ತಪ್ಪು ಕಂಡರೂ ಅಳೆಯಬೇಕಾದ್ದು ಅದನ್ನೇ.

ಪ್ರಶ್ನೆ: ನನಗೆ 61. ಬಿಪಿ, ಶುಗರ್ ಎರಡೂ ಇವೆ. ಹೋದ ವರ್ಷ ಕಾಲು ಊದಿ, ಉಸಿರಾಡಲು ಆಗದೆ ಅಡ್ಮಿಟ್ ಆಗಿದ್ದೆ. ಹಾರ್ಟ್ ಫೇಲ್ಯೂರ್ ಅಂದರು. ಆದರೆ ಎಕೋದಲ್ಲಿ ಪಂಪಿಂಗ್ 60 ಇದೆ. ಮತ್ತೆ ಫೇಲ್ಯೂರ್ ಹೇಗೆ? ಡಾಕ್ಟರ ಚೀಟಿಯಲ್ಲಿ ‘ಕ್ಲಾಸ್ 2’ ಎಂದಿದೆ, ಅಂದರೆ ಸ್ವಲ್ಪವೇ ತೊಂದರೆ ಅಂತ ಮಗ ಹೇಳುತ್ತಾನೆ. ನನಗೆ ಬಗ್ಗಿ ಕಸ ಗುಡಿಸಲು ಆಗುವುದಿಲ್ಲ. ರಂಗೋಲಿ ಹಾಕುವುದು ಬಿಟ್ಟೆ. ಪ್ರಶ್ನೆ ಹಾಳೆಯಲ್ಲಿ ‘ಓಡಲು ಕಷ್ಟವೇ’ ಎಂದಿತ್ತು. ನಾನು ಓಡಿ ಎಷ್ಟು ಕಾಲವಾಯಿತೋ! ‘ಕಷ್ಟ ಇಲ್ಲ’ ಎಂದು ಮಗನೇ ಗುರುತು ಹಾಕಿದ.
— ಓದುಗರು, ಚಿತ್ರದುರ್ಗ

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ಪತ್ರಗಳು ಇನ್ನೂ ಬರಬೇಕು.

ಪಂಪಿಂಗ್ 60 ಇದ್ದೂ ಹಾರ್ಟ್ ಫೇಲ್ಯೂರ್ ಆಗುತ್ತದೆ. ಹೃದಯ ಹಿಂಡುವುದು ಸರಿಯಾಗಿಯೇ ಇರುತ್ತದೆ. ಆದರೆ ಗೋಡೆ ಬಿಗಿಯಾಗಿ, ಸಡಿಲವಾಗಬೇಕಾದ ಹೊತ್ತಿನಲ್ಲಿ ಸಡಿಲವಾಗುವುದಿಲ್ಲ. ರಕ್ತ ತುಂಬಿಕೊಳ್ಳಲು ಜಾಗ ಸಾಲದೆ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ಹೋಗುತ್ತದೆ. ಜಗತ್ತಿನ ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಈ ಬಗೆಯದೇ ಇದೆ. ವಯಸ್ಸಾದ ಹೆಂಗಸರಲ್ಲಿ, ಬಿಪಿ, ಶುಗರ್, ತೂಕ ಜಾಸ್ತಿ ಇರುವವರಲ್ಲಿ ಹೆಚ್ಚು. ‘ಎಕೋ ನಾರ್ಮಲ್ ಇದೆಯಲ್ಲ, ಸುಮ್ನೆ ಹೇಳ್ತಾರೆ’ ಎಂಬ ಮಾತು ಇವರಿಗೇ ಜಾಸ್ತಿ ಕೇಳಬೇಕಾಗುತ್ತದೆ. ನನಗೆ ಇದು ಬಹಳ ನೋವಿನ ವಿಷಯ.

ಕ್ಲಾಸ್ 2 ಎಂಬುದು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ಮಾಡಿದ ವಿಂಗಡಣೆ. ಕ್ಲಾಸ್ 1 ಎಂದರೆ ದಿನದ ಕೆಲಸಕ್ಕೆ ತೊಂದರೆ ಇಲ್ಲ, ಕ್ಲಾಸ್ 4 ಎಂದರೆ ಸುಮ್ಮನೆ ಕೂತಾಗಲೂ ಏದುಸಿರು. ಬೇಗ ಬರೆಯಬಹುದು, ಎಲ್ಲಾ ಡಾಕ್ಟರಿಗೂ ಅರ್ಥವಾಗುತ್ತದೆ. ಆದರೆ ಅದು ಡಾಕ್ಟರ ಅಂದಾಜು. ಒಬ್ಬ ಡಾಕ್ಟರಿಗೆ 2 ಎಂದು ಕಂಡ ರೋಗಿ ಇನ್ನೊಬ್ಬರಿಗೆ 3 ಎಂದು ಕಾಣಬಹುದು. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ನೀವು ಕಷ್ಟದ ಕೆಲಸಗಳನ್ನು ಒಂದೊಂದಾಗಿ ಬಿಟ್ಟಿದ್ದೀರಿ. ಬಿಟ್ಟ ಮೇಲೆ ಕಷ್ಟವೂ ಕಾಣುವುದಿಲ್ಲ. ‘ಮನೆಕೆಲಸಕ್ಕೆ ತೊಂದರೆ ಇದೆಯಾ?’ ಎಂದು ಕೇಳಿದರೆ ‘ಇಲ್ಲ’ ಅನ್ನುತ್ತೀರಿ, ಯಾಕೆಂದರೆ ಆ ಕೆಲಸ ಈಗ ಸೊಸೆ ಮಾಡುತ್ತಾಳೆ. ಕ್ಲಿನಿಕ್ಕಿನಲ್ಲಿ ಹೆಂಗಸರು ಬಂದಾಗ ನಾನು ಬೇರೆ ಥರ ಕೇಳುತ್ತಿದ್ದೆ: ಹೋದ ದೀಪಾವಳಿಗೆ ಮಾಡುತ್ತಿದ್ದು, ಈಗ ಬಿಟ್ಟಿರುವ ಕೆಲಸ ಯಾವುದು? ಆಗ ಪಟ್ಟಿ ಬರುತ್ತಿತ್ತು. ನೆಲ ಒರೆಸುವುದು, ಅಟ್ಟದಿಂದ ಪಾತ್ರೆ ಇಳಿಸುವುದು, ನೆಲದ ಮೇಲೆ ಕೂತು ಹೂ ಕಟ್ಟುವುದು, ದೇವಸ್ಥಾನದ ಮೆಟ್ಟಿಲು, ಇಂಡಿಯನ್ ಟಾಯ್ಲೆಟ್. ನೀವೂ ಆ ಪಟ್ಟಿ ಬರೆದು ಡಾಕ್ಟರ ಮುಂದೆ ಇಡಿ.

ಬಗ್ಗಿದಾಗ ಏದುಸಿರು ಬರುವುದಕ್ಕೆ ವೈದ್ಯಕೀಯದಲ್ಲಿ ಪ್ರತ್ಯೇಕ ಹೆಸರೇ ಇದೆ, ಬೆಂಡೋಪ್ನಿಯಾ. 2014ರಲ್ಲಿ ಅಮೆರಿಕದ ಡಲ್ಲಾಸ್‌ನ ವೈದ್ಯರು ಇದನ್ನು ವಿವರಿಸಿದರು. ಕುರ್ಚಿಯ ಮೇಲೆ ಕೂತು ಕಾಲು ಮುಟ್ಟುವ ಹಾಗೆ ಬಗ್ಗಿದರೆ 30 ಸೆಕೆಂಡಿನ ಒಳಗೆ ಉಸಿರು ಕಟ್ಟುತ್ತದೆ. ಹೃದಯದೊಳಗಿನ ಒತ್ತಡ ಹೆಚ್ಚಿರುವವರಲ್ಲಿ ಹೀಗಾಗುತ್ತದೆ. ಆದ್ದರಿಂದ ರಂಗೋಲಿ ಬಿಟ್ಟದ್ದನ್ನು ‘ಸಣ್ಣ ವಿಷಯ’ ಎಂದು ಮುಚ್ಚಿಡಬೇಡಿ. ಮೈಯಲ್ಲಿ ನೀರು ಇನ್ನೂ ಉಳಿದಿದೆಯೇ ಎಂದು ನೋಡಲು ಡಾಕ್ಟರಿಗೆ ಅದೇ ಸುಳಿವು.

ಓಡುವ ಪ್ರಶ್ನೆಗೆ ಬರೋಣ. ಆ ಹಾಳೆಯಲ್ಲಿ ಪ್ರತಿ ಕೆಲಸದ ಎದುರಿಗೂ ಕೊನೆಯಲ್ಲಿ ಒಂದು ಖಾನೆ ಇರುತ್ತದೆ: ‘ಬೇರೆ ಕಾರಣದಿಂದ ಆಗಲಿಲ್ಲ ಅಥವಾ ಈ ಕೆಲಸ ಮಾಡಲಿಲ್ಲ’ ಎಂದು. ಮಂಡಿ ನೋವಿನಿಂದ ಮೆಟ್ಟಿಲು ಹತ್ತದಿದ್ದರೆ, ಓಡುವ ಅಭ್ಯಾಸವೇ ಇಲ್ಲದಿದ್ದರೆ, ಅಲ್ಲಿ ಗುರುತು ಹಾಕಬೇಕು. ಆಗ ಆ ಪ್ರಶ್ನೆಯನ್ನು ಲೆಕ್ಕದಿಂದ ಬಿಟ್ಟು ಉಳಿದವುಗಳಿಂದ ಅಂಕ ತೆಗೆಯುತ್ತಾರೆ. ‘ಕಷ್ಟ ಇಲ್ಲ’ ಎಂದು ಹಾಕಿದರೆ ನೀವು ಓಡಬಲ್ಲಿರಿ ಎಂದಾಯಿತು, ಅಂಕ ಸುಳ್ಳೇ ಏರುತ್ತದೆ. ಮಗನಿಗೆ ಬೇಸರವಾಗದ ಹಾಗೆ ಹೇಳಿ, ಪೆನ್ನು ನೀವೇ ಹಿಡಿಯಿರಿ.

ಈ ಬಗೆಯ ಹಾರ್ಟ್ ಫೇಲ್ಯೂರಿಗೆ ಮೊದಲು ಹೆಚ್ಚು ಔಷಧ ಇರಲಿಲ್ಲ. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಎಂಬ, ಮೂಲದಲ್ಲಿ ಶುಗರಿಗೆಂದು ಬಂದ ಮಾತ್ರೆಗಳು ಆಸ್ಪತ್ರೆ ಸೇರುವುದನ್ನು ಕಮ್ಮಿ ಮಾಡುತ್ತವೆ ಎಂದು 2021 ಮತ್ತು 2022ರ ದೊಡ್ಡ ಅಧ್ಯಯನಗಳಲ್ಲಿ ಗೊತ್ತಾಯಿತು. ನಿಮಗೆ ಶುಗರ್ ಕೂಡ ಇರುವುದರಿಂದ ಅವುಗಳ ಬಗ್ಗೆ ಕೇಳಿ. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಇದೇ ಬಗೆಯ ಹಾರ್ಟ್ ಫೇಲ್ಯೂರ್ ಇದ್ದು, ತೂಕವೂ ತುಂಬಾ ಇರುವ ರೋಗಿಗಳಿಗೆ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಕೊಟ್ಟರು. ಅದು ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸಲು ಇಟ್ಟುಕೊಂಡ ಎರಡು ಮುಖ್ಯ ಅಳತೆಗಳಲ್ಲಿ ಒಂದು ತೂಕ, ಇನ್ನೊಂದು ಇದೇ ಕೆಸಿಸಿಕ್ಯೂ. ಔಷಧ ಪಡೆದವರಿಗೆ, ಪಡೆಯದವರಿಗಿಂತ ಸುಮಾರು 8 ಅಂಕ ಜಾಸ್ತಿ ಏರಿತು. ಆ ಇಂಜೆಕ್ಷನ್ ದುಬಾರಿ, ಎಲ್ಲರಿಗೂ ಹೊಂದುವುದಿಲ್ಲ, ಕೇಳಿ ಪಡೆಯಿರಿ ಎಂದು ನಾನು ಹೇಳುತ್ತಿಲ್ಲ. ರೋಗಿ ತಾನು ಹೇಗಿದ್ದೇನೆ ಎಂದು ಹೇಳುವ ಮಾತಿನ ಮೇಲೆ ಈಗ ಒಂದು ಔಷಧದ ಯೋಗ್ಯತೆಯನ್ನೇ ಅಳೆಯುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಈ ಪ್ರಶ್ನಾವಳಿಗೆ ಮಾನ್ಯತೆ ಕೊಟ್ಟಿದೆ. ಅಲ್ಲಿ ನಡೆಯುವ ಮಾತು ನಿಮ್ಮೂರಿನ ಓಪಿಡಿಯಲ್ಲೂ ನಡೆಯಬೇಕು, ಅಲ್ವಾ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಪ್ರಬಂಧಕ್ಕೆ ಹಾರ್ಟ್ ಫೇಲ್ಯೂರ್ ರೋಗಿಗಳ ಜೀವನದ ಗುಣಮಟ್ಟದ ವಿಷಯ ತಗೊಂಡಿದ್ದೇನೆ. ಮಿನೆಸೋಟಾ ಪ್ರಶ್ನಾವಳಿ ಒಳ್ಳೆಯದೋ, ಕೆಸಿಸಿಕ್ಯೂ ಒಳ್ಳೆಯದೋ?
— ವಿದ್ಯಾರ್ಥಿನಿ

ಉತ್ತರ: ಎರಡೂ ಒಳ್ಳೆಯವೇ. ನಿನಗೆ ಏನು ಬೇಕು ಎನ್ನುವುದರ ಮೇಲೆ ಆರಿಸಿಕೋ.

ಮಿನೆಸೋಟಾ ಪ್ರಶ್ನಾವಳಿ ಹಳೆಯದು, 1980ರ ದಶಕದ್ದು. 21 ಪ್ರಶ್ನೆ, ಒಂದೊಂದಕ್ಕೆ 0ಯಿಂದ 5, ಒಟ್ಟು 105. ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ. ಇದರಲ್ಲಿ ಅಂಕ ಜಾಸ್ತಿಯಾದಷ್ಟೂ ಬದುಕು ಕೆಟ್ಟಿದೆ ಎಂದರ್ಥ. ಕೆಸಿಸಿಕ್ಯೂನಲ್ಲಿ ಉಲ್ಟಾ, ಜಾಸ್ತಿಯಾದರೆ ಒಳ್ಳೆಯದು. ಎರಡರ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿ ಹಾಕುವಾಗ ಇದು ತಲೆಯಲ್ಲಿರಲಿ.

ನನಗೆ ಮಿನೆಸೋಟಾದ ಮೇಲೆ ಒಂದು ಪ್ರೀತಿ ಇದೆ. ಚಿಕಿತ್ಸೆಗೆ ಹಣ ಖರ್ಚಾಯಿತೇ, ದುಡಿಮೆಗೆ ತೊಂದರೆಯಾಯಿತೇ, ಮನೆಯವರಿಗೆ ಹೊರೆಯಾದೆ ಎನ್ನಿಸಿತೇ ಎಂದು ಅದು ನೇರವಾಗಿ ಕೇಳುತ್ತದೆ. ನಮ್ಮ ಕಡೆಯ ರೋಗಿಗೆ ಏದುಸಿರಿಗಿಂತ ಮೊದಲು ಕಾಡುವುದು ಈ ಮೂರೇ. ಎಷ್ಟೋ ಜನ ‘ಮಕ್ಕಳಿಗೆ ಭಾರ’ ಎಂಬ ಪ್ರಶ್ನೆಗೆ ಯೋಚಿಸದೆ 5 ಹೇಳಿಬಿಡುತ್ತಾರೆ. ಆದರೆ ಚಿಕಿತ್ಸೆ ಸರಿಹೋಗುತ್ತಿದೆಯೇ ಎಂದು ಮತ್ತೆ ಮತ್ತೆ ಅಳೆಯುವುದಾದರೆ ಕೆಸಿಸಿಕ್ಯೂ ಹೆಚ್ಚು ಸೂಕ್ಷ್ಮ. ಅದಕ್ಕೆ 12 ಪ್ರಶ್ನೆಗಳ ಚಿಕ್ಕ ರೂಪವೂ 2015ರಿಂದ ಇದೆ. ಓಪಿಡಿಯಲ್ಲಿ ರೋಗಿ ಬೆಂಚಿನ ಮೇಲೆ ಅರ್ಧ ದಿನ ಕಾಯುತ್ತಾರೆ, 12 ಪ್ರಶ್ನೆಗೆ ಐದು ನಿಮಿಷವೂ ಬೇಡ. ಸಮಯ ಇಲ್ಲ ಎಂಬ ಕಾರಣವನ್ನು ನಾನು ಒಪ್ಪುವುದಿಲ್ಲ.

ಎರಡಕ್ಕೂ ಹಕ್ಕುದಾರರ ಅನುಮತಿ ಬೇಕು, ಅನುವಾದವೂ ಅವರಿಂದಲೇ ಪಡೆಯಬೇಕು. ರಾತ್ರಿ ಕೂತು ನೀನೇ ಕನ್ನಡ ಮಾಡಿಕೊಂಡು ಬೆಳಿಗ್ಗೆ ವಾರ್ಡಿಗೆ ಹೋಗಬೇಡ. ಓದು ಬಾರದವರಿಗೆ ಓದಿ ಹೇಳುವಾಗ ಎಲ್ಲರಿಗೂ ಒಂದೇ ರೀತಿ ಓದು, ಉದಾಹರಣೆ ಸೇರಿಸಬೇಡ, ಉತ್ತರಕ್ಕೆ ಮುಖ ಅರಳಿಸಬೇಡ. ಮನೆಯವರನ್ನು ಚಹಾ ಕುಡಿದು ಬನ್ನಿ ಎಂದು ಕಳಿಸು. ಎರಡು ಹಾಳೆಯಲ್ಲೂ ಗಂಡ-ಹೆಂಡತಿ ಸಂಬಂಧದ ಬಗ್ಗೆ ಒಂದು ಪ್ರಶ್ನೆ ಇದೆ. ಮಗನ ಎದುರು ಕೂತವರು ಅದನ್ನು ಖಾಲಿ ಬಿಡುತ್ತಾರೆ, ಒಬ್ಬರೇ ಇದ್ದರೆ ಮಾತಾಡುತ್ತಾರೆ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಹೊಸದಾಗಿ ಶುರುವಾದ ಮೊದಲ ವಾರಗಳಲ್ಲಿ ಸುಸ್ತು ಇರುತ್ತದೆ, ಆ ವಿವರವನ್ನೂ ಬರೆದುಕೋ. ಸಾಧ್ಯವಿದ್ದರೆ ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ಜೊತೆಗಿಡು. 30 ಮೀಟರಿನ ಕಾರಿಡಾರ್ ಮತ್ತು ಒಂದು ಗಡಿಯಾರ ಇದ್ದರೆ ಸಾಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 81 ವರ್ಷ. ಈ ವರ್ಷ ಮೂರು ಸಲ ಆಸ್ಪತ್ರೆ ಸೇರಿ ಬಂದೆ. ಮಕ್ಕಳು ಒಳ್ಳೆಯವರು, ಖರ್ಚಿಗೆ ಹಿಂದೆ ಮುಂದೆ ನೋಡಿಲ್ಲ. ಆದರೆ ಇನ್ನೊಮ್ಮೆ ಐಸಿಯುನಲ್ಲಿ ಮಲಗಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಉಸಿರು ಹಗುರವಾಗಿದ್ದರೆ, ದಿನಪತ್ರಿಕೆ ಓದುವಷ್ಟು ಚೈತನ್ಯವಿದ್ದರೆ ಸಾಕು. ಇದನ್ನು ಯಾರೂ ಕೇಳುವುದಿಲ್ಲ. ನಾನೇ ಹೇಳಿದರೆ ‘ಹಾಗೆಲ್ಲಾ ಮಾತಾಡಬೇಡಿ’ ಎನ್ನುತ್ತಾರೆ.
— ಓದುಗರು, ಧಾರವಾಡ

ಉತ್ತರ: ಮೇಷ್ಟರೇ, ನಮಸ್ಕಾರ. ನೀವು ಬರೆದದ್ದು ನಿರಾಶೆಯ ಮಾತು ಅಲ್ಲ. ಏನು ಬೇಕು, ಏನು ಬೇಡ ಎಂದು ನಿಮಗೆ ಸ್ಪಷ್ಟವಿದೆ. ಇದನ್ನು ನಿಮ್ಮ ಡಾಕ್ಟರು ಕೇಳಲೇಬೇಕಿತ್ತು.

ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯಲ್ಲಿ ಹಾರ್ಟ್ ಫೇಲ್ಯೂರ್ ಇರುವ ಹಿರಿಯರನ್ನು ಕೇಳಿದರು: ಆಯಸ್ಸು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ತೊಂದರೆ ಇಲ್ಲದೆ ಬದುಕಬೇಕು ಎಂದು ನಿಮಗೆ ಅನ್ನಿಸುತ್ತದೆಯೇ ಎಂದು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚಿನವರು ಆಯಸ್ಸನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಕೆಲವರು ಒಪ್ಪಿದರು. ಯಾರು ಏನು ಹೇಳುತ್ತಾರೆ ಎಂದು ಅವರ ವಯಸ್ಸು, ರೋಗ ನೋಡಿ ಊಹಿಸುವುದು ಕಷ್ಟ ಎಂದೂ ಗೊತ್ತಾಯಿತು. ಕೇಳಿಯೇ ತಿಳಿಯಬೇಕು. ನಿಮ್ಮ ಮಕ್ಕಳು ನಿಮಗೆ ಬೇಕಾದ್ದು ತಮಗೆ ಗೊತ್ತಿದೆ ಎಂದುಕೊಂಡಿರುವುದು ಪ್ರೀತಿಯಿಂದಲೇ. ಆದರೆ ಅದು ಊಹೆ.

ಪ್ಯಾಲಿಯೇಟಿವ್ ಕೇರ್ ಬಗ್ಗೆ ಕೇಳಿ. ಅದು ಬರೀ ಕ್ಯಾನ್ಸರಿಗೆ, ಬರೀ ಕೊನೆಯ ದಿನಗಳಿಗೆ ಎಂಬ ತಪ್ಪು ತಿಳಿವಳಿಕೆ ಇದೆ. ಹೃದಯದ ಮಾತ್ರೆಗಳು ಮುಂದುವರಿಯುತ್ತವೆ. ಜೊತೆಗೆ ಏದುಸಿರು, ನಿದ್ದೆ, ನೋವು, ಆತಂಕ ಇವುಗಳನ್ನು ಒಂದು ತಂಡ ನೋಡಿಕೊಳ್ಳುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೋಗ ಬಹಳ ಮುಂದುವರಿದ 150 ಜನರ ಮೇಲೆ ಹೀಗೆ ಮಾಡಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಇವರ ಕೆಸಿಸಿಕ್ಯೂ ಅಂಕ ಆರು ತಿಂಗಳಲ್ಲಿ 9ಕ್ಕೂ ಹೆಚ್ಚು ಮೇಲಿತ್ತು.

ಐಸಿಯು ವಿಷಯಕ್ಕೆ ಕಾನೂನಿನ ದಾರಿಯೂ ಇದೆ. ಮುಂಗಡ ವೈದ್ಯಕೀಯ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಗುಣವಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ನೀವು ಈಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಮಕ್ಕಳನ್ನು ಕೂರಿಸಿಕೊಂಡು, ನನಗೆ ಬರೆದ ಈ ಪತ್ರವನ್ನೇ ಅವರಿಗೆ ಓದಿ ಹೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರಲ್ಲೊಬ್ಬರು ಜೊತೆಗಿರಲಿ, ಮಾತು ಮಾತ್ರ ನಿಮ್ಮದೇ ಇರಲಿ.

ಪ್ರಶ್ನೆ: ಅಮ್ಮನಿಗೆ ಓದು ಬರಲ್ಲ. ಆಸ್ಪತ್ರೆಯಲ್ಲಿ ಯಾರೂ ಯಾವ ಹಾಳೆಯನ್ನೂ ಕೊಟ್ಟಿಲ್ಲ. ಮನೆಯಲ್ಲೇ ನಾವೇ ಅಳೆಯಬಹುದಾ?
— ಓದುಗರು, ಮಂಡ್ಯ

ಉತ್ತರ: ಅಂಕ ತೆಗೆಯಲು ಹೋಗಬೇಡಿ. ಪ್ರತಿ ಭಾನುವಾರ ಕ್ಯಾಲೆಂಡರಿನಲ್ಲಿ ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ಈ ವಾರ ಎಷ್ಟು ದಿಂಬು ಬೇಕಾಯಿತು, ಎಲ್ಲಿಯವರೆಗೆ ನಿಲ್ಲದೆ ನಡೆದರು, ಯಾವ ಕೆಲಸ ಬಿಟ್ಟರು, ಯಾವುದನ್ನು ಮತ್ತೆ ಶುರುಮಾಡಿದರು. ತೂಕವನ್ನು ಮಾತ್ರ ದಿನಾ ನೋಡಿ: ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದಿಂದ ಬಂದ ತೂಕ ಅಲ್ಲ, ಮೈಯಲ್ಲಿ ನಿಂತ ನೀರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಏನಾದರೂ ಜಾಸ್ತಿ ಆಯಿತಾ ಎಂದು ನೋಡಿ. ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕೂತಾಗಲೂ ಏದುಸಿರು ಇದ್ದರೆ, ಮಲಗಲು ಆಗದಿದ್ದರೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಕ್ಯಾಲೆಂಡರ್ ಮತ್ತು ಮಾತ್ರೆಯ ಡಬ್ಬಿ ಎರಡನ್ನೂ ತಗೊಂಡು ಹೋಗಿ.